ಮೂಳೆ ಮುಟ್ಟದ ನಾಯಿ

ನಮ್ಮ ಮನೆಯ ನಾಯಿ ಸೋಮವಾರ ಉಪವಾಸ ಮಾಡುತ್ತಿತ್ತು. ನಗಬೇಡಿ. ಈ ಮಾತನ್ನು ನಾನೇ ಎಷ್ಟು ಜನರ ಮುಂದೆ ಹೇಳಿದ್ದೇನೋ, ಹೇಳುವಾಗ ಒಂದು ಸಲವೂ ನಕ್ಕವಳಲ್ಲ. ಅಷ್ಟು ಹೆಮ್ಮೆ ನನಗೆ. ಸೋಮವಾರ ನಮ್ಮಲ್ಲಿ ಒಂದೇ ಹೊತ್ತು ಊಟ, ಅದೂ ಸಂಜೆ ಪೂಜೆ ಆದ ಮೇಲೆ. ಒಲೆಯೇ ಹಚ್ಚದ ಮನೆಯಲ್ಲಿ ನಾಯಿಗೆಂದು ಯಾರು ಬೇಯಿಸುತ್ತಾರೆ? ಅದಕ್ಕೂ ಸಂಜೆಯ ತನಕ ಏನೂ ಇಲ್ಲ. ಅತ್ತೆ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಬೆರಳಲ್ಲಿ ಉಳಿದದ್ದನ್ನು ಜಗಲಿಯ ಮೇಲೆ ಕೂತ ನಾಯಿಯ ಹಣೆಗೂ ಎಳೆಯುತ್ತಿದ್ದರು. ಅದು ಕಣ್ಣು ಮುಚ್ಚಿಕೊಂಡು ಎಳೆಸಿಕೊಳ್ಳುತ್ತಿತ್ತು. ಬಂದ ನೆಂಟರಿಗೆಲ್ಲ ಅತ್ತೆಯದು ಒಂದೇ ಮಾತು: "ನಮ್ ಕೂಸು ಮೂಳೆಯ ಮೂಸ್ಕೂಡ ನೋಡಾಕಿಲ್ಲ ಕಣ್ರಿ. ನಮ್ಮನೆ ನೀರು ಕುಡ್ದು ಬೆಳ್ದದ್ದಲ್ವ!"

ಆ ಮಾತೇ ಅದರ ಜೀವ ತೆಗೆಯಿತು. ಮಾತು ಅತ್ತೆಯದಾದರೂ ಕೆಲಸ ನನ್ನದು. ಅದನ್ನು ಬರೆಯಲು ಎಷ್ಟೋ ಸಲ ಕೂತು ಎದ್ದು ಹೋಗಿದ್ದೇನೆ. ಈ ಸಲ ಏಳುವುದಿಲ್ಲ.

ನಾನು ಯಳಂದೂರು ಸೀಮೆಯ ಮಾಂಬಳ್ಳಿಯವಳು. ನನ್ನನ್ನು ಕೊಟ್ಟದ್ದು ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯ ಒಂದು ಊರಿಗೆ. ಗಾಡಿ ಕಟ್ಟಿಕೊಂಡು ಹೊರಟರೆ ಒಂದು ಹಗಲಿನ ದಾರಿ, ಅಷ್ಟೆ. ಆದರೆ ಆಗ ಯಳಂದೂರು ಮೈಸೂರಿಗೆ ಸೇರಿತ್ತು, ಕೊಳ್ಳೇಗಾಲ ಮದರಾಸಿನವರ ಕೈಯಲ್ಲಿ, ಕೊಯಮತ್ತೂರು ಜಿಲ್ಲೆಯಲ್ಲಿತ್ತು. "ನಿನ್ನ ಪರರಾಜ್ಯಕ್ಕೆ ಕೊಟ್ಬುಟ್ಟೊ ಕನಮ್ಮಿ" ಎಂದು ಅಣ್ಣಂದಿರು ರೇಗಿಸುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಹದಿನಾರು ವರ್ಷದ ಹುಡುಗಿಗೆ ಒಂದು ಹಗಲಿನ ದಾರಿಯೂ ಪರರಾಜ್ಯವೇ.

ಮದುಮಗಳಾಗಿ ಹೊಸಿಲ ಮುಂದೆ ನಿಂತಾಗ ಮೊದಲು ಮಾತಾಡಿಸಿದ್ದು ಆ ನಾಯಿ. ಬೊಗಳಿತು. ಅತ್ತೆ ಒಳಗಿಂದಲೇ "ಸುಮ್ನಿರು ಕೂಸೆ, ಇವ್ಳು ನಮ್ಮೋಳೆಯ" ಎಂದರು. ಅದು ಬಂದು ನನ್ನ ಕಾಲ ಹತ್ತಿರ ಮೂಸಿ, ಅಲ್ಲೇ ಕೂತಿತು. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಚಿಕೊಂಡು. ರೇಷ್ಮೆಹುಳು ಸಾಕುವ ತಟ್ಟೆ ಹೆಣೆಸಲು ಮಾವ ಒಡೆಯರಪಾಳ್ಯದ ಕಡೆಯಿಂದ ಬಿದಿರು ತರುವಾಗ ಗಾಡಿಯ ಕೆಳಗೇ ನಡೆದುಕೊಂಡು ಬಂದ ಮರಿಯಂತೆ. ಹೆಸರಿಡೋಣವೆಂದರೆ ನಮ್ಮ ಅತ್ತೆಗೆ ಗೊತ್ತಿದ್ದ ಹೆಸರುಗಳೆಲ್ಲ ಶಿವನವು. ನಾಯಿಗೆ ಶಿವನ ಹೆಸರಿಟ್ಟು ಆಮೇಲೆ ಬಯ್ಯುವುದು ಹೇಗೆ? ಹಾಗಾಗಿ ಅದು ಕೊನೆಯ ತನಕ ಬರೀ ಕೂಸು.

ಮೊದಲ ವರ್ಷ ನಾನು ಅಳದ ದಿನವಿಲ್ಲ. ಅಳುವುದಕ್ಕೆ ಹಿತ್ತಿಲ ಮೆಟ್ಟಿಲು ಗೊತ್ತು ಮಾಡಿಕೊಂಡಿದ್ದೆ. ನಾನು ಹೋಗಿ ಕೂತರೆ ಸಾಕು, ಎಲ್ಲಿದ್ದರೂ ಬಂದು ನನ್ನ ಪಾದದ ಮೇಲೆ ಗದ್ದ ಇಟ್ಟುಕೊಂಡು ಮಲಗುತ್ತಿತ್ತು. ಅತ್ತೆಯ ಮೇಲಿದ್ದ ದೂರುಗಳನ್ನೆಲ್ಲ ಅದರ ಮಡಿಚಿದ ಕಿವಿಗೆ ಹೇಳುತ್ತಿದ್ದೆ. ಒಂದನ್ನೂ ಅತ್ತೆಗೆ ಮುಟ್ಟಿಸಲಿಲ್ಲ ಪುಣ್ಯಾತ್ಮ. ಮೊದಲ ಗಂಡುಮಗು ಹುಟ್ಟಿ ಹನ್ನೊಂದನೆಯ ದಿನಕ್ಕೆ ಹೋದಾಗ ಮನೆಯವರೆಲ್ಲ ನನಗೆ ಸಮಾಧಾನ ಹೇಳಿ ಹೇಳಿ ಸಾಕು ಮಾಡಿದರು. ಏನೂ ಹೇಳದೆ ಪಕ್ಕದಲ್ಲಿ ಕೂತಿದ್ದದ್ದು ಅದೊಂದೇ. ಆಗ ನಾನು ಎದ್ದು ಓಡಾಡುವ ಹಾಗಾದದ್ದು ಅದರಿಂದ. ಇದನ್ನು ಯಾರು ನಂಬಲಿ ಬಿಡಲಿ, ನನಗೆ ಗೊತ್ತು.

ಆಮೇಲೆ ಮಗಳು ಹುಟ್ಟಿದಳು. ಅವಳು ಎದ್ದು ನಿಲ್ಲುವುದನ್ನು ಕಲಿತದ್ದೇ ಕೂಸಿನ ಕಿವಿ ಹಿಡಿದುಕೊಂಡು. ಅವಳು ಬೀಳುವ ತನಕ ಅದು ಅಲುಗಾಡುತ್ತಿರಲಿಲ್ಲ. ಬಿದ್ದರೆ ನನ್ನ ಮುಖ ನೋಡುತ್ತಿತ್ತು, ನನ್ನದೇನೂ ತಪ್ಪಿಲ್ಲ ಅನ್ನುವ ಹಾಗೆ.

ಇಷ್ಟೆಲ್ಲ ಇದ್ದ ನಾಯಿ ದಿನಾ ಮಧ್ಯಾಹ್ನ ಒಂದೆರಡು ಗಳಿಗೆ ಕಾಣೆಯಾಗುತ್ತಿತ್ತು. "ತೋಟ ಕಾಯಕ್ಕೆ ಓಗ್ತದೆ" ಎನ್ನುತ್ತಿದ್ದರು ಅತ್ತೆ. ಸಂಜೆ ಇಟ್ಟ ಮುದ್ದೆ ಮಜ್ಜಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದರೆ, "ಉಪಾಸ ಮಾಡಿ ಮಾಡಿ ಒಟ್ಟೆ ಚಿಕ್ಕದಾಗ್ಬುಟ್ಟದೆ ಪಾಪ" ಎನ್ನುತ್ತಿದ್ದರು. ನಾವೂ ಹೂಂ ಎನ್ನುತ್ತಿದ್ದೆವು. ನಮಗೆ ಬೇರೆ ಯೋಚನೆಯೇ ಬರಲಿಲ್ಲ. ಮೂಳೆ ಎಂಬ ವಸ್ತು ನಮ್ಮ ಮನೆಯ ಒಳಗೆ ಬಂದದ್ದಿಲ್ಲ, ಆ ಶಬ್ದವೂ ಬಂದದ್ದಿಲ್ಲ. ಅಗರದಲ್ಲಿ ಒಂದು ಮದುವೆಗೆ ಹೋದಾಗ ಪಂಕ್ತಿಯಲ್ಲಿ ಕೂತ ಹೆಂಗಸರಿಗೆಲ್ಲ ನಮ್ಮ ನಾಯಿಯ ಕಥೆ ಹೇಳಿ, ಅವರು ಬಾಯಿ ಬಿಟ್ಟುಕೊಂಡು ಕೇಳುವಾಗ ನನಗೆ ಹಿಗ್ಗೋ ಹಿಗ್ಗು.

ನಮ್ಮ ಹೊಲ ಉಳುತ್ತಿದ್ದ ಆಳು ಊರಾಚೆಯ ಕೇರಿಯವನು. ಮಾವನ ಕಾಲದಿಂದ ಇದ್ದವನು, ನಮ್ಮ ಮನೆಯವರಿಗಿಂತ ಹತ್ತು ವರ್ಷ ದೊಡ್ಡವನಿದ್ದಾನು. ಕೊಟ್ಟಿಗೆಯ ತನಕ ಬರುತ್ತಿದ್ದ, ಅಂಗಳ ದಾಟುತ್ತಿರಲಿಲ್ಲ. ದಾಟಬಾರದು ಎಂದು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ, ಆಗಿನ ಕಾಲ ಹಾಗಿತ್ತು. ಅದನ್ನು ಸರಿ ಎಂದು ನಾನು ಹೇಳುತ್ತಿಲ್ಲ, ಆಗ ತಪ್ಪು ಅನ್ನಿಸಿರಲಿಲ್ಲ ಎನ್ನುತ್ತಿದ್ದೇನೆ. ಅವನು ಬೆಳಿಗ್ಗೆ ಎತ್ತು ಬಿಚ್ಚಲು ಬಂದರೆ ಕೂಸು ಅವನ ಎದೆಯ ತನಕ ಹಾರುತ್ತಿತ್ತು. ನಮ್ಮ ಮನೆಯವರನ್ನು ಕಂಡರೂ ಅಷ್ಟು ಹಾರುತ್ತಿರಲಿಲ್ಲ. ಎತ್ತಿನ ಜೊತೆ ಓಡಾಡುವ ಆಸೆಗೆ ಇರಬೇಕು ಎಂದುಕೊಂಡಿದ್ದೆ.

ಮಗಳಿಗೆ ನಾಲ್ಕು ತುಂಬಿರಲಿಲ್ಲ. ಆ ವರ್ಷ ಪಕ್ಕದ ಊರಿನಲ್ಲಿ ಹುಚ್ಚುನಾಯಿ ಕಚ್ಚಿ ಒಬ್ಬ ಹುಡುಗ ಸತ್ತಿದ್ದ. ಎದೆಯೆತ್ತರದ ಮಗ. ನೀರು ಕಂಡರೆ ಚೀರುತ್ತಿದ್ದನಂತೆ, ಕೊನೆಗೆ ಹೆತ್ತವಳನ್ನೂ ಹತ್ತಿರ ಸೇರಿಸಲಿಲ್ಲವಂತೆ. ಊರಿನ ಹೆಂಗಸರು ಬಾವಿಕಟ್ಟೆಯಲ್ಲಿ ಒಂದೊಂದು ಗಳಿಗೆಯನ್ನೂ ಬಿಡಿಸಿ ಬಿಡಿಸಿ ಹೇಳಿದ್ದರು. ನಾನು ಒಂದನ್ನೂ ಬಿಡದೆ ಕೇಳಿಸಿಕೊಂಡು ಬಂದಿದ್ದೆ.

ನಮ್ಮಲ್ಲಿ ಆಗ ಹುಳು ನಾಲ್ಕನೆಯ ಜ್ವರ ಬಿಟ್ಟು ಎದ್ದಿದ್ದವು. ರೇಷ್ಮೆ ಸಾಕಿದವರಿಗೆ ಗೊತ್ತು, ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಮಂಕಾಗಿ ಕೂತರೆ ಅದನ್ನು ಜ್ವರ ಎನ್ನುತ್ತೇವೆ. ನಾಲ್ಕನೆಯದು ಕಳೆದು ಎದ್ದ ಮೇಲೆ ಅವಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಮನೆಮಂದಿಯೆಲ್ಲ ಕೊಯ್ಯುವುದು, ಹೊರುವುದು, ಹಾಕುವುದು, ಹಿಕ್ಕೆ ತೆಗೆಯುವುದು. ಎರಡು ದಿನ ನಾವೇ ನಿಂತುಕೊಂಡು ಉಂಡಿದ್ದೇವೆ. ಕೂಸಿನ ಮುಂದೆ ಇಟ್ಟ ಮುದ್ದೆ ಇಟ್ಟ ಹಾಗೇ ಇದ್ದದ್ದನ್ನು ಕಂಡೆ. ಕಂಡೂ ಆಮೇಲೆ ನೋಡಿದರಾಯಿತು ಎಂದು ಹುಳು ಮನೆಗೆ ಹೋದೆ.

ಮೂರನೆಯ ದಿನ ಬೆಳಿಗ್ಗೆ ಅದು ಎಲ್ಲಿಂದಲೋ ಓಡಿಬಂದು ಅಂಗಳದಲ್ಲಿ ನಿಂತಿತು. ಬಾಯಿ ಮುಚ್ಚಲು ಆಗುತ್ತಿರಲಿಲ್ಲ. ಜೊಲ್ಲು ಗದ್ದದಿಂದ ದಾರದ ಹಾಗೆ ಸುರಿಯುತ್ತಿತ್ತು. ಕಲ್ಲುಬಾನಿಯ ಹತ್ತಿರ ಹೋಗಿ ನೀರಿಗೆ ಮೂತಿ ಇಟ್ಟು, ಕುಂಯ್ ಎಂದು ಹಿಂದಕ್ಕೆ ಸರಿಯಿತು. ನಾನು ಸೊಪ್ಪಿನ ಕುಕ್ಕೆ ಇಳಿಸಿ "ಯಾರೂ ಅತ್ರ ಓಗ್ಬ್ಯಾಡಿ" ಎಂದು ಕೂಗುವಷ್ಟರಲ್ಲಿ ಮಗಳು ಒಂದು ತುಂಡು ಮುದ್ದೆ ಹಿಡಿದು ಅದರ ಮುಂದೆ ಕುಕ್ಕರಗಾಲಲ್ಲಿ ಕೂತಾಗಿತ್ತು. ಬಾಯಿ ತೆರೆದೇ ಇತ್ತಲ್ಲ, ಒಳಕ್ಕೆ ತುರುಕಿಬಿಟ್ಟಳು. ಕೂಸು ನೋವಿಗೆ ಚೀರಿ ಹಲ್ಲೂರಿತು. ಮಗಳ ಮಣಿಕಟ್ಟಿನಲ್ಲಿ ಎರಡು ಗುರುತು, ರಕ್ತ.

ಮುಂದಿನದು ನನಗೆ ಒಂದೊಂದು ಮಾತೂ ನೆನಪಿದೆ. ಅತ್ತೆ ಮಗುವನ್ನು ಎತ್ತಿಕೊಂಡು ಗಾಯ ತೊಳೆದು ಸುಣ್ಣ ಒತ್ತಿದರು. ಕೂಸು ಗಾಡಿಯ ಕೆಳಗೆ ಸೇರಿಕೊಂಡು ಮುಂಗಾಲಿಂದ ಬಾಯನ್ನು ಕೆರೆದುಕೊಳ್ಳುತ್ತಿತ್ತು. ಕೊಟ್ಟಿಗೆಯ ಕಡೆಯಿಂದ ಆಳು ಏದುಸಿರು ಬಿಡುತ್ತಾ ಬಂದ. ಅಂಗಳದ ಅಂಚಿನಲ್ಲಿ ನಿಂತು ಹೇಳಿದ:

"ಅವ್ವಾ, ಇದು ಉಚ್ಚಲ್ಲ ಕನವ್ವಾ. ಬಾಯೊಳ್ಗೆ ಏನೋ ಸಿಕ್ಕಂಡದೆ. ಕಾಲಲ್ಲಿ ಎಂಗೆ ಕೆರ್ಕತಾದೆ ನೋಡಿ. ಮೂಳೆಗೀಳೆ ಸಿಕ್ಕಂಡ್ರೆ ಇಂಗೇಯ ಆಗದು."

"ಮೂಳೆಯಾ?" ನಾನು ಅವನ ಕಡೆ ತಿರುಗಿದೆ. "ನಮ್ ಬಾಗ್ಲಲ್ಲಿ ನಿಂತ್ಕಂಡು ಆ ಮಾತ ಆಡ್ತಿಯಲ್ಲ! ನಮ್ಮನೆಗೆ ಮೂಳೆ ಎಲ್ಲಿಂದ ಬತ್ತದೆ? ಇದೇನು ನಿನ್ ಅಟ್ಟಿ ನಾಯಾ?"

ಅವನು ತಲೆ ತಗ್ಗಿಸಿದ. ಆದರೂ ಹೋಗಲಿಲ್ಲ. "ಒಂದ್ ಗಳ್ಗೆ ಬುಡಿ ಅವ್ವಾ. ನಾನ್ ಇಡ್ಕಂಡು ನೋಡ್ತೀನಿ. ನಂಗೇನೂ ಮಾಡಾಕಿಲ್ಲ ಅದು."

"ಮುಟ್ಬ್ಯಾಡ ಕಣ್ಲಾ, ನಿಂಗೂ ಕಚ್ಚುದ್ರೆ ಏನ್ ಗತಿ" ಎಂದರು ನಮ್ಮ ಮನೆಯವರು. ಆಮೇಲೆ ನನ್ನ ಕಡೆ ನೋಡಿ ಮೆಲ್ಲಗೆ, "ಕಟ್ಟಾಕಿ ನೋಡಾನ. ನಾಳೆಗಂಟ" ಎಂದರು.

"ನಾಳೆಗಂಟ ಏನ ನೋಡೀರಿ? ಒಂದ ಮಣ್ಣಿಗಾಕಿದ್ದು ಸಾಲ್ದಾ? ಇದನ್ನೂ ಆಕುದ್ಮೇಲೆ ನೋಡೀರಾ? ಈಗ್ಲೇ ಒಡ್ದಾಕ್ಸಿ. ಇಲ್ದಿದ್ರೆ ಮಗೀನ ತಕ್ಕಂಡು ಮಾಂಬಳ್ಳಿಗೆ ಓಯ್ತೀನಿ!"

ಇದನ್ನು ಹೇಳಿದವಳು ನಾನು. ಬೇರೆ ಯಾರೂ ಅಲ್ಲ. ಜಗಲಿಯ ಮೇಲೆ ಕೂತಿದ್ದ ಮಾವ ಎದ್ದು, ಹಂದಿ ಕಾಟಕ್ಕೆಂದು ಬಂದೂಕು ಇಟ್ಟುಕೊಂಡಿದ್ದ ಮೇಲಿನ ಬೀದಿಯ ಗೌಡರನ್ನು ಕರೆತರಲು ಹೋದರು.

ಗೌಡರು ಬಂದರು. ಅಂಗಳದಲ್ಲಿ ಮಕ್ಕಳು ಮರಿ ಇರುವಾಗ ಗುಂಡು ಹಾರಿಸುವುದು ಹೇಗೆ? ತಿಪ್ಪೆಯ ಹಿಂದೆ ಹುಣಿಸೆಮರಕ್ಕೆ ಕಟ್ಟಿಕೊಡಿ ಎಂದರು. ಕಟ್ಟುವವರು ಯಾರು? ಗಾಡಿಯ ಕೆಳಗಿಂದ ಅದು ಯಾರು ಕರೆದರೂ ಬರಲಿಲ್ಲ. ನಮ್ಮ ಮನೆಯವರು ಕರೆದರು, ಮಾವ ಕರೆದರು. ಬಾಗಿದ ತಲೆಯನ್ನು ಎತ್ತಲೂ ಇಲ್ಲ. ಆಳನ್ನು ಯಾರೂ ಕೇಳಲಿಲ್ಲ, ಅವನೂ ಮುಂದೆ ಬರಲಿಲ್ಲ. ಕೊನೆಗೆ ಮಾವ ನನ್ನ ಮುಖ ನೋಡದೆ, "ನೀನ್ ಕರದ್ರೆ ಬತ್ತದೆ ಕನವ್ವ" ಎಂದರು.

ಕರೆದೆ. "ಬಾ ಕೂಸೆ" ಅಂದೆ, ದಿನಾ ಅನ್ನುವ ಹಾಗೆಯೇ. ಅದು ಬಂತು. ಬಾಲ ಆಡಿಸುತ್ತಾ ಬಂತು, ಜೊಲ್ಲು ಸುರಿಸುತ್ತಾ ಬಂತು. ನಾನು ಮುಂದೆ, ಅದು ಹಿಂದೆ. ಓಡಿಹೋಗಲು ಬೇಕಾದಷ್ಟು ಜಾಗವಿತ್ತು. ಒಮ್ಮೆಯಾದರೂ ಆಚೆ ಈಚೆ ನೋಡಲಿಲ್ಲ. ಮರದ ಬುಡದಲ್ಲಿ ಹಗ್ಗವನ್ನು ಅದರ ಕೊರಳಿಗೆ ಹಾಕಿದ್ದು ನಾನು, ಗಂಟು ಬಿಗಿದದ್ದೂ ನಾನು. ಹುಚ್ಚುನಾಯಿ ಎಂದು ಕೂಗಿಕೊಂಡವಳಿಗೆ ಆ ಗಳಿಗೆಯಲ್ಲಿ ಅದು ಕಚ್ಚೀತು ಎಂಬ ಭಯ ಬರಲೇ ಇಲ್ಲ. ಯಾಕೆ ಬರಲಿಲ್ಲ ಎಂದು ಆಗ ಕೇಳಿಕೊಂಡಿದ್ದರೆ! ಅದು ನನ್ನ ಪಾದದ ಮೇಲೆ ಗದ್ದ ಇಟ್ಟಿತು. ಪಾದ ಒದ್ದೆಯಾಯಿತು. ಕಾಲು ಎಳೆದುಕೊಂಡು, ತಿರುಗಿ ನೋಡದೆ ಮನೆಯ ಕಡೆ ನಡೆದೆ. ಹಿತ್ತಿಲ ಬಾಗಿಲು ಮುಟ್ಟುವಷ್ಟರಲ್ಲಿ ಶಬ್ದ ಕೇಳಿಸಿತು.

ನಮ್ಮ ಮನೆಯವರು ಕೊಳ್ಳೇಗಾಲದ ಆಸ್ಪತ್ರೆಗೆ ಹೊರಡಲು ಗಾಡಿ ಕಟ್ಟುತ್ತಿದ್ದರು. ಅತ್ತೆ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಅಳುತ್ತಿದ್ದರು. ದೇವರ ಗೂಡಿನಿಂದ ವಿಭೂತಿ ತಂದು ನನ್ನ ಅಂಗೈಯಲ್ಲಿ ಸುರಿದು, "ಮಣ್ಣಾಕಕ್ಕೆ ಮುಂಚೆ ಅದ್ರ ತಲೆ ಮೇಲೆ ಆಕ್ಬುಟ್ ಬಾ" ಎಂದರು. ಹೋದೆ.

ಆಳು ಗುಂಡಿ ತೋಡಿ ಮುಗಿಸಿದ್ದ. ಗೌಡರು ಹೊರಟುಹೋಗಿದ್ದರು. ಅವನು ಮಂಡಿಯೂರಿ ಕೂತು, ಕೂಸಿನ ದವಡೆಯನ್ನು ಎರಡು ಕೈಯಿಂದಲೂ ಅಗಲಿಸಿ ಒಳಗೆ ಬೆರಳು ಹಾಕಿ ಏನನ್ನೋ ಬಿಡಿಸುತ್ತಿದ್ದ. ನಾನು ನಿಂತುಬಿಟ್ಟೆ. ಸ್ವಲ್ಪ ಹೊತ್ತಿಗೆ ಬಂತು. ಕಿರುಬೆರಳಿನಷ್ಟು ಒಂದು ಮೂಳೆ ಚೂರು. ಬಾಯಿಯ ಅಂಗುಳಕ್ಕೆ ಅಡ್ಡವಾಗಿ, ಆ ಕಡೆಯ ಹಲ್ಲಿಗೂ ಈ ಕಡೆಯ ಹಲ್ಲಿಗೂ ನಡುವೆ ಸಿಕ್ಕಿ, ಸುತ್ತಲಿನ ಮಾಂಸವೆಲ್ಲ ಕೀವಾಗಿತ್ತು. ಅವನು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದ. ಆಮೇಲೆ ನನ್ನನ್ನು ನೋಡಿದ.

"ಸುಮ್ಕೆ ಓಯ್ತಲ್ಲವ್ವಾ ಜೀವ" ಎಂದ. ಅಷ್ಟೇ ಅವನು ಅಂದದ್ದು.

ವಿಭೂತಿಯನ್ನು ಅದರ ತಲೆಯ ಮೇಲೆ ಹಾಕಿದೆನೋ ನೆಲಕ್ಕೆ ಚೆಲ್ಲಿದೆನೋ ಗೊತ್ತಿಲ್ಲ. ಕೂಗಿ ಎಲ್ಲರನ್ನೂ ಕರೆಯಬಹುದಿತ್ತು. ಕರೆಯಲಿಲ್ಲ. "ಹೂತ್ಬುಡು" ಎಂದೆ. ಅವನು ಮೂಳೆಯನ್ನೂ ಗುಂಡಿಗೇ ಹಾಕಿ ಮಣ್ಣೆಳೆದ.

ಕೊಳ್ಳೇಗಾಲದಲ್ಲಿ ಆಗ ಇದ್ದ ಡಾಕ್ಟರು ತಮಿಳು ಸೀಮೆಯವರು, ವಯಸ್ಸಾದವರು, ಕನ್ನಡವನ್ನು ತಡೆದು ತಡೆದು ಆಡುತ್ತಿದ್ದರು. ಗಾಯ ನೋಡಿದರು. "ನಾಯಿ ಎಲ್ಲಿ?" ಎಂದರು.

"ಒಡ್ದಾಕುದ್ವಿ ಸಾ" ಎಂದರು ನಮ್ಮ ಮನೆಯವರು.

ಡಾಕ್ಟರು ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲೆ ಇಟ್ಟರು. "ಯಾಕಪ್ಪ ಹೊಡೆದ್ರಿ? ಹತ್ತು ದಿನ ಕಟ್ಟಿ ಹಾಕಿ ನೋಡಬೇಕು. ನಾಯಿ ಬದುಕಿದ್ರೆ ಮಗುವಿಗೆ ಏನೂ ಬೇಡ. ಈಗ ನಾಯಿಯೇ ಇಲ್ಲ. ಹೊಟ್ಟೆಗೆ ಹದಿನಾಲ್ಕು ಸೂಜಿ ಹಾಕಲೇಬೇಕು." ಮತ್ತೆ ಏನೋ ಯೋಚಿಸಿ ಕೇಳಿದರು: "ಬಾಯಲ್ಲಿ ಏನಾದ್ರೂ ಸಿಕ್ಕೊಂಡಿತ್ತಾ? ಕೆಲವು ಸಲ ಹಾಗೂ ಇರ್ತದೆ. ನೋಡಿದ್ರಾ?"

ನಮ್ಮ ಜೊತೆ ಬಂದಿದ್ದ ಮಾವ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದರು, "ನಮ್ಮನೆ ನಾಯಿ ಸಾ. ಅಂತಾದ್ದೆಲ್ಲ ಮುಟ್ತಿರ್ನಿಲ್ಲ."

ನಾನು ಅವರ ಹಿಂದೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದೆ. ಒಂದೇ ಒಂದು ಮಾತು ಸಾಕಿತ್ತು. ಆಡಲಿಲ್ಲ. ಮೂಳೆಯೂ ಇದ್ದು ಹುಚ್ಚೂ ಇದ್ದರೆ ಮಗುವಿನ ಗತಿಯೇನು ಎಂಬ ಹೆದರಿಕೆ ಇತ್ತು ನಿಜ. ಮಾವನ ಮಾತನ್ನು ಆಸ್ಪತ್ರೆಯ ಅಷ್ಟು ಜನರ ಮುಂದೆ ಸುಳ್ಳು ಮಾಡುವುದು ಹೇಗೆ ಎಂಬ ಹೆದರಿಕೆಯೂ ಅಷ್ಟೇ ನಿಜ. ಎರಡರಲ್ಲಿ ಯಾವುದು ನನ್ನ ನಾಲಿಗೆ ಹಿಡಿಯಿತು? ಮಗುವಿನ ಮೇಲಿನ ಪ್ರೀತಿಯೇ ಎಂದು ಬರೆದುಬಿಡಬಹುದು. ಬರೆದರೆ ಸುಳ್ಳು ಬರೆದ ಹಾಗೆ.

ಹದಿನಾಲ್ಕು ದಿನ ಕೊಳ್ಳೇಗಾಲದಲ್ಲಿ ನೆಂಟರ ಮನೆಯಲ್ಲಿ ಇದ್ದೆವು. ದಿನಾ ಬೆಳಿಗ್ಗೆ ಆಸ್ಪತ್ರೆ. ನಾನು ಮಗಳ ಕೈ ಹಿಡಿಯುತ್ತಿದ್ದೆ, ಅವರಪ್ಪ ಕಾಲು ಹಿಡಿಯುತ್ತಿದ್ದರು. ಹೊಟ್ಟೆಯ ಮೇಲೆ ಒಂದು ದಿನ ಹೊಕ್ಕುಳ ಈ ಕಡೆ, ಇನ್ನೊಂದು ದಿನ ಆ ಕಡೆ. ನಾಲ್ಕನೆಯ ದಿನದಿಂದ ಆಸ್ಪತ್ರೆಯ ಗೇಟು ಕಂಡರೆ ಸಾಕು, ನನ್ನ ಕತ್ತಿಗೆ ಜೋತುಬಿದ್ದು ಕಿರುಚುತ್ತಿದ್ದಳು. ಒಂದು ದಿನ ವಾಪಸ್ಸು ಬರುವಾಗ ಬಿಕ್ಕುತ್ತಾ ಕೇಳಿದಳು, "ಅವ್ವ, ಕೂಸ್ಗೂ ಸೂಜಿ ಆಕ್ತಾವ್ರಾ?"

"ಊಂ ಕನವ್ವ" ಎಂದೆ.

"ಅದ್ರ ಕೈಯ ಯಾರ್ ಇಡ್ಕತಾರೆ?"

ಬೀದಿಯ ಮಧ್ಯೆ ನಿಂತು ಅತ್ತುಬಿಟ್ಟೆ. ಬಿಸಿಲಿಗೆ ತಲೆ ಸುತ್ತಿತೇನೋ ಎಂದು ನಮ್ಮ ಮನೆಯವರು ಒಂದು ಅಂಗಡಿಯ ನೆರಳಿಗೆ ಕರೆದುಕೊಂಡು ಹೋಗಿ ಕೂರಿಸಿದರು. ಅವರಿಗೂ ನಾನು ಹೇಳಲಿಲ್ಲ.

ಊರಿಗೆ ಬಂದ ಮೇಲೆ ಮಗಳು ನಾಯಿಯನ್ನು ಹುಡುಕಿದಳು, ಅತ್ತಳು, ಮರೆತಳು. ಮಕ್ಕಳು ಮರೆಯುತ್ತಾರೆ. ಒಂದು ದಿನ ಸೊಪ್ಪಿನ ತೋಟದಲ್ಲಿ ಆಳಿನ ಹೆಂಡತಿ ಪಕ್ಕದ ಸಾಲಿನಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಮೊದಲೆಲ್ಲ ನನ್ನನ್ನು ಕಂಡರೆ ಹತ್ತು ಮಾತಾಡುತ್ತಿದ್ದವಳು ಅಂದು ತಲೆ ಎತ್ತಲಿಲ್ಲ. ನನಗೆ ತಡೆಯಲಾಗಲಿಲ್ಲ. "ನನ್ ಮೇಲೆ ಕ್ವಾಪನೇನಮ್ಮಿ?" ಎಂದೆ.

"ನಮ್ಗೆ ಯಾತ್ರ ಕ್ವಾಪ ಬುಡಿ" ಎಂದಳು. ಇನ್ನೊಂದು ಕಡ್ಡಿ ಬಗ್ಗಿಸಿ ಬಿಡಿಸಿದಳು. ಆಮೇಲೆ ತಾನಾಗಿಯೇ ಹೇಳತೊಡಗಿದಳು. "ಆವತ್ತು ಬೆಳಗಾನ ನಮ್ ಅಟ್ಟಿಗೇ ಬಂದಿತ್ತು. ಬಾಯ ಬುಟ್ಕಂಡು ತೋರ್ತು ಕನವ್ವ. ನಾನೂ ನನ್ ಗಂಡ್ನೂ ಇಬ್ರೂ ಇಡ್ಕಂಡು ತಗ್ಯಾನ ಅಂತ ನೋಡ್ದೊ. ನೋವ್ಗೆ ಕೊಸ್ರಕಂಡು ನಿಮ್ಮನೆ ಕಡಿಕ್ಕೆ ಓಡೋಯ್ತು. ಅದ್ಕೇ ನಮ್ಮಾಂವ ಇಂದೇನೆ ಓಡ್ಬಂದದ್ದು."

ನಾನು ಕೈಯಲ್ಲಿದ್ದ ಸೊಪ್ಪನ್ನು ಕುಕ್ಕೆಗೆ ಹಾಕಿ ಅವಳ ಕಡೆ ತಿರುಗಿದೆ.

"ಮರಿಲಿಂದ ದಿನಾ ಮಧ್ಯಾನ ಬರೋದು" ಎಂದಳು. "ನಾವು ತಿಂದಿದ್ರಲ್ಲಿ ಅದ್ಕೂ ಆಕ್ತಿದ್ದೊ. ನಿಮ್ ಸೋಮಾರ ನಮ್ಮಲ್ಲಿ ಒಂದ್ ತುತ್ತು ಜಾಸ್ತಿಯೇ ಆಕ್ತಿದ್ದೊ, ಅಸ್ದಿರ್ತದೆ ಅಂತ. ನನ್ ಮಕ್ಳು ಅದ್ಕೆ 'ಬುದ್ದಿಯೋರು' ಅಂತ ಎಸ್ರಿಟ್ಟಿದ್ವು, ನಿಮ್ ಮಾವ್ನೋರ ಕರ್ದಂಗೇಯ, ನಿಮ್ಮನೆಯಿಂದ ಬರೋದು ಅಂತ. 'ಬುದ್ದಿಯೋರು ಬಂದ್ರು, ಚಾಪೆ ಆಕಿ' ಅನ್ನವು." ಹೇಳುತ್ತಾ ನಕ್ಕಳು. ನಗು ಅರ್ಧಕ್ಕೆ ನಿಂತು ಕಣ್ಣಲ್ಲಿ ನೀರು ಬಂತು. "ಅದು ನಮ್ದೂ ಆಗಿತ್ತು ಕನವ್ವ. ಕೊಲ್ಲಕ್ಕೆ ಮುಂಚೆ ನಮ್ಮಾಂವ ಯೋಳ್ದ ಒಂದ್ ಮಾತ ಕೇಳ್ಬೋದಾಗಿತ್ತು. ಈಗ ಊರೆಲ್ಲ ಉಚ್ಚುನಾಯಿ ಉಚ್ಚುನಾಯಿ ಅಂತರೆ. ನನ್ ಮಕ್ಳಿಗೂ ಅಂಗೇ ಅಂತರೆ, ಉಚ್ಚುನಾಯಿ ಜೊತೆ ಮಲಗಿದ್ದೋವು, ಅತ್ರ ಬರ್ಬ್ಯಾಡಿ ಅಂತ."

ಈ ಲೋಕದಲ್ಲಿ ಕೂಸಿಗಾಗಿ ಅತ್ತವಳು ನಾನೊಬ್ಬಳೇ ಎಂದುಕೊಂಡಿದ್ದೆ. ಅಲ್ಲಿ ಸಾಲಿನ ಆಚೆ ನಿಂತವಳ ಮುಂದೆ ನನ್ನ ಅಳು ನನಗೇ ಸಣ್ಣದಾಗಿ ಕಂಡಿತು. "ಯೋಳ್ತೀನಿ ಕನಮ್ಮಿ" ಎಂದೆ. "ಉಚ್ಚು ಇಡ್ದಿರ್ನಿಲ್ಲ ಅಂತ ಮನೇಲಿ ಎಲ್ರಿಗೂ ಯೋಳ್ತೀನಿ. ನಿನ್ ಗಂಡ ಮೂಳೆ ತಗ್ದದ್ದ ನಾನೇ ಕಣ್ಣಾರ ನೋಡಿವ್ನಿ. ನನ್ ಮಗಿನಾಣೆ."

"ಯೋಳಿ" ಎಂದಳು. "ಉಚ್ಚುನಾಯಿ ಅನ್ನೋ ಎಸ್ರು ಅದ್ಕೆ ಬ್ಯಾಡ."

ಆ ಸಂಜೆಯೇ ಹೇಳಬೇಕೆಂದುಕೊಂಡೆ. ಅತ್ತೆ ಪೂಜೆಯಲ್ಲಿದ್ದರು. ಮಾರನೆಯ ದಿನ ಎಂದುಕೊಂಡೆ. ಮಾರನೆಯ ದಿನ ಮಾವನಿಗೆ ಮೈ ಸರಿಯಿರಲಿಲ್ಲ. ಹೀಗೆ ಒಂದು ತಿಂಗಳು ಹೋಯಿತು. ಅಷ್ಟರಲ್ಲಿ ಅತ್ತೆ ಕೂಸಿನ ಕಥೆಗೆ ಹೊಸ ಕೊನೆಯೊಂದನ್ನು ಸೇರಿಸಿ, ಬಂದವರಿಗೆಲ್ಲ ಹೇಳುವುದಕ್ಕೆ ಶುರು ಮಾಡಿದ್ದರು. ಯಾವುದೋ ಬೀದಿ ಹುಚ್ಚುನಾಯಿ ಬಂದು ಕಚ್ಚಿ, ಪಾಪ, ಮೂಳೆ ಮೂಸದ ನಮ್ಮ ಕೂಸನ್ನೂ ಕೆಡಿಸಿತು ಎಂದು. ಹೇಳಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಅಳು ಸುಳ್ಳಲ್ಲ. ಅವರೂ ಅದನ್ನು ಸಾಕಿದವರೇ.

ಒಂದು ಮಧ್ಯಾಹ್ನ ಅಗರದಿಂದ ಅತ್ತೆಯ ಅಣ್ಣ ಬಂದಿದ್ದರು. ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ ತಂಗಿಯ ಕಥೆಯನ್ನೆಲ್ಲ ಕೇಳಿದರು. ನಾನು ಪಕ್ಕದಲ್ಲೇ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದೆ. ಈಗ ಹೇಳುತ್ತೇನೆ, ಇವರು ಮುಗಿಸಿದ ಕೂಡಲೇ ಹೇಳುತ್ತೇನೆ ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಆಳು ಹುಲ್ಲಿನ ಹೊರೆ ಹೊತ್ತು ಕೊಟ್ಟಿಗೆಯ ಕಡೆ ಬಂದ.

"ಏನ್ಲಾ" ಎಂದು ಅವರು ಕೂಗಿ ಕೇಳಿದರು, "ಆ ನಾಯ ಮಣ್ಣು ಮಾಡ್ದೋನು ನೀನೇ ಅಂತಲ್ಲ. ನಿಜ್ವಾಗ್ಲೂ ಉಚ್ಚು ಇಡ್ದಿತ್ತೇನ್ಲಾ? ಇಲ್ಲ ಇವ್ರೇ ಎದ್ರಕಂಡು ಒಡೆಸ್ಬುಟ್ರ?"

ಅವನು ಹೊರೆ ಇಳಿಸಿದ. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ. ಆಮೇಲೆ ನನ್ನ ಕಡೆ ನೋಡಿದ. ಹೆಂಡತಿ ಅವನಿಗೆ ಹೇಳಿರಬೇಕು, ಅವ್ವ ಮಾತು ಕೊಟ್ಟವ್ರೆ ಎಂದು. ಅವನು ಕಾಯುತ್ತಿದ್ದ. ಅತ್ತೆ, "ಯೋಳ್ಲಾ, ನೀನೇ ನೋಡಿದ್ದಲ್ಲ" ಎಂದರು. ಅವನು ಇನ್ನೂ ನನ್ನನ್ನೇ ನೋಡುತ್ತಿದ್ದ. ನಾನು ಮೊರದ ಮೇಲೆ ಬಗ್ಗಿ ಒಂದು ಕಲ್ಲು ಆರಿಸಿದೆ, ಇನ್ನೊಂದು ಆರಿಸಿದೆ.

"ಊಂ ಬುದ್ದಿ" ಎಂದ ಅವನು. "ಉಚ್ಚಿಡ್ದಿತ್ತು."

ಹುಲ್ಲನ್ನು ಎತ್ತುಗಳ ಮುಂದೆ ಹರಡಿ, ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಕೇರಿಯ ದಾರಿ ಹಿಡಿದ. ಅತ್ತೆಯ ಅಣ್ಣ ಉಗುಳಿ ಬಾಯಿ ತೊಳೆದು ಬಂದು ಊಟಕ್ಕೆ ಕೂತರು. ನಾನು ಎದ್ದು ಅವರಿಗೆ ಬಡಿಸಿದೆ.